ಒಂದು ‘ತಮ್ಮ’ ಸಾಲದು

‘ಇಬ್ಬರೂ ತಮ್ಮ ಮನೆಯನ್ನು ಮಾರಿದರು.’ ಅಣ್ಣ ಹುಮನಾಬಾದಿನಲ್ಲಿ, ತಮ್ಮ ಬಸವಕಲ್ಯಾಣದಲ್ಲಿ. ಹಾಗಾದರೆ ಮಾರಿದ ಮನೆ ಒಂದೋ, ಎರಡೋ?

1948ರವರೆಗೆ ನಿಜಾಮರ ಆಡಳಿತದಲ್ಲಿ ಕಚೇರಿಗಳ ಭಾಷೆ ಉರ್ದುವಾಗಿದ್ದ ಈ ಊರುಗಳಲ್ಲಿ ಇಂದು ಕ್ರಯಪತ್ರವನ್ನು ಕನ್ನಡದಲ್ಲಿ ಬರೆಯುತ್ತಾರೆ. ಆದುದರಿಂದ ಸಂದೇಹವನ್ನೂ ಕನ್ನಡವೇ ಕಳೆಯಬೇಕು.

ಮೇಲಿನ ವಾಕ್ಯಕ್ಕೆ ಎರಡೂ ಅರ್ಥಗಳು ಸಲ್ಲುತ್ತವೆ. ‘ಇಬ್ಬರೂ ತಮ್ಮ ತಮ್ಮ ಮನೆಯನ್ನು’ ಎಂದರೆ ಒಬ್ಬೊಬ್ಬರದು ಒಂದೊಂದು. ‘ಅವರ ಮನೆಯನ್ನು’ ಎಂದರೆ ಅದು ಮೂರನೆಯವರದೂ ಆದೀತು. ಇಂಗ್ಲಿಷಿನಲ್ಲಿ ಇದಕ್ಕೆ ‘ರೆಸ್ಪೆಕ್ಟಿವ್’ ಎಂಬ ಬೇರೊಂದು ಪದವನ್ನು ತರುವುದುಂಟು. ಕನ್ನಡದಲ್ಲಿ ಇದ್ದ ಪದವನ್ನೇ ಇಮ್ಮಡಿಸಿದರೆ ಸಾಕು.

ಇನ್ನೊಂದು ಎಚ್ಚರ: ‘ಪ್ರತಿಯೊಬ್ಬನೂ’ ಎಂದಾಗ ‘ತನ್ನ’, ‘ಎಲ್ಲರೂ’, ‘ಪ್ರತಿಯೊಬ್ಬರೂ’ ಎಂದಾಗ ‘ತಮ್ಮ’.

ಪತ್ರದಲ್ಲಿ ಒಂದು ‘ತಮ್ಮ’ ಬಿಟ್ಟುಹೋದರೆ ತಮ್ಮನ ಮನೆಯೇ ಬಿಟ್ಟುಹೋದೀತು!