ಮೀನಿನ ಮನೆಯ ನೆಲಮಾಳಿಗೆ

ಸಂಪು ಎಂಬ ಮಾತು ನಗರದ ಗೃಹಸ್ಥರಿಗೆ ಹೊಸದಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ತುಂಬಿಕೊಂಡು, ಬಾರದ ದಿನ ಮನೆಯ ಮಾನ ಕಾಯುವ ಆ ನೆಲದಡಿಯ ತೊಟ್ಟಿಗೆ ಈಗ ಕಿರಿಯ ತಮ್ಮನೊಬ್ಬ ಹುಟ್ಟಿದ್ದಾನೆ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಅದರ ಕೆಳಗೆ, ಕಪಾಟಿನ ಮರೆಯಲ್ಲಿ, ಎರಡನೆಯ ತೊಟ್ಟಿಯೊಂದನ್ನಿರಿಸಿ ಅದನ್ನೂ ಸಂಪು ಎಂದೇ ಕರೆಯುತ್ತಾರೆ. ಮೇಲಿನ ನೀರು ಕೊಳವೆಯಲ್ಲಿ ತಾನಾಗಿ ಕೆಳಗಿಳಿದು, ಅಲ್ಲಿ ಶುದ್ಧವಾಗಿ, ಪಂಪಿನ ಬಲದಿಂದ ಮರಳಿ ಮೇಲೇರುತ್ತದೆ.

ಈ ಉಪಾಯದ ತತ್ತ್ವ ವಿಜಯಪುರ ಜಿಲ್ಲೆಗೆ ತೀರ ಅಪರಿಚಿತವಲ್ಲ. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದಲೂ ೧೬೫೧ರ ಬೇಗಂ ತಲಾಬಿನಿಂದಲೂ ರಾಜಧಾನಿಗೆ ನೀರು ತಂದವರು, ಕೊಳವೆಗಳ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು; ಕೆಸರು ತಳದಲ್ಲಿ ತಂಗುತ್ತಿತ್ತು. ತಂಗಿದ ನೀರೇ ತಿಳಿಯಾಗುವುದೆಂಬುದು ಅಂದಿಗೂ ಇಂದಿಗೂ ಒಂದೇ ಸತ್ಯ.

ಭೀಮೆ ಹರಿಯುವ ಇಂಡಿ, ಸಿಂದಗಿಗಳ ಸೀಮೆಯಲ್ಲಾಗಲಿ, ಕೃಷ್ಣೆ ಹರಿಯುವ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಾಗಲಿ ಕೊಳವೆಬಾವಿಯ ನೀರು ಬಹಳ ಕಡೆ ಗಡಸು. ಡೋಣಿ ಹೊಳೆಯ ಉಪ್ಪನ್ನಂತೂ ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಗಡಸಿಗೆ ಅಂಜಬೇಕಾದುದಿಲ್ಲ. ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಗಡಸು ನೀರಿನಲ್ಲಿಯೇ ಸುಖವಾಗಿರುತ್ತವೆ. ಅಂಜಬೇಕಾದುದು ಅಮೋನಿಯಕ್ಕೆ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದ ಕೊಳೆತದಿಂದಲೂ ಹುಟ್ಟುವ ಈ ವಿಷವು ನೀರು ಕ್ಷಾರವಾದಷ್ಟೂ ಬೆಚ್ಚಗಾದಷ್ಟೂ ಉಗ್ರವಾಗುತ್ತದೆ. ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿ ಮುಟ್ಟುವ ನಾಡಿನಲ್ಲಿ ಶುದ್ಧಿಯ ಏರ್ಪಾಡು ಸೊಗಸಿಗಾಗಿ ಅಲ್ಲ, ಜೀವಕ್ಕಾಗಿ.

ಸಂಪಿನಲ್ಲಿ ಮೂರು ಕೋಣೆಗಳಿದ್ದರೆ ಸಾಕು. ಮೊದಲನೆಯದರಲ್ಲಿ ಸ್ಪಂಜು ಕಸವನ್ನು ಹಿಡಿಯುತ್ತದೆ. ಸರಂಧ್ರ ಕಲ್ಲುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನಡುವಿನದೇ ರೆಫ್ಯೂಜಿಯಂ, ಎಂದರೆ ಆಶ್ರಯತಾಣ. ಸಮುದ್ರದ ಮೀನು ಸಾಕುವವರು ಇಲ್ಲಿ ಕೀಟೊಮಾರ್ಫ ಎಂಬ ಪಾಚಿಯನ್ನು ಬೆಳೆಸುತ್ತಾರೆ. ಸಿಹಿನೀರಿಗೆ ಜಲಸಸ್ಯಗಳೂ, ನೀರಿಗಿಳಿಬಿಟ್ಟ ಮನಿಪ್ಲಾಂಟಿನ ಬೇರುಗಳೂ ಸಾಕು. ಅವು ನೈಟ್ರೇಟನ್ನು ಉಂಡು ಬೆಳೆಯುತ್ತವೆ. ಮೀನಿನ ಬಾಯಿಂದ ತಪ್ಪಿಸಿಕೊಂಡ ಸೂಕ್ಷ್ಮಜೀವಿಗಳು ಅಲ್ಲಿ ನಿರ್ಭಯವಾಗಿ ಸಂಸಾರ ಹೂಡುತ್ತವೆ. ಈ ಕೋಣೆಯಲ್ಲಿ ಹರಿವು ಮಂದವಾಗಿರಬೇಕು. ಮೇಲಿನ ದೀಪ ಆರಿದ ಮೇಲೆ ಇಲ್ಲಿನ ದೀಪ ಉರಿಯುವುದು ಲೇಸು. ಕೊನೆಯ ಕೋಣೆ ಪಂಪಿನದು.

ಇಷ್ಟೆಲ್ಲ ಜೋಡಿಸಿದರೂ ನಿಜವಾದ ಪರೀಕ್ಷೆ ವಿದ್ಯುತ್ತು ಹೋದ ಕ್ಷಣದಲ್ಲಿ. ಪಂಪು ನಿಲ್ಲುತ್ತದೆ, ಮೇಲಿನ ನೀರು ಇಳಿಯುವುದನ್ನು ಕೂಡಲೆ ನಿಲ್ಲಿಸುವುದಿಲ್ಲ. ೪ ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ೨ ಅಂಗುಲ ನೀರು ಇಳಿದರೆ ಅದು ಒಂದು ಘನ ಅಡಿ, ಸುಮಾರು ೨೮ ಲೀಟರು. ೩ ಅಡಿ ಉದ್ದ, ೧ ಅಡಿ ಅಗಲದ ಸಂಪಿನಲ್ಲಿ ಅದು ನೀರನ್ನು ೪ ಅಂಗುಲ ಏರಿಸುತ್ತದೆ. ಆದ್ದರಿಂದ ಸಂಪಿನ ಎತ್ತರ ೧೫ ಅಂಗುಲವಿದ್ದರೆ ಪಂಪು ನಡೆಯುವಾಗ ೯ ಅಂಗುಲಕ್ಕಿಂತ ಹೆಚ್ಚು ನೀರು ನಿಲ್ಲಿಸಬಾರದು. ಮೇಲೇರುವ ಕೊಳವೆಯ ಬಾಯಿ ಆಳದಲ್ಲಿದ್ದರೆ ನೀರು ಆ ದಾರಿಯಿಂದಲೂ ಹಿಂದಿರುಗುತ್ತದೆ. ನೀರಿನ ಮಟ್ಟಕ್ಕೆ ತುಸುವೇ ಕೆಳಗೆ ಅದರಲ್ಲೊಂದು ಸಣ್ಣ ರಂಧ್ರ ಕೊರೆದರೆ ಗಾಳಿ ಹೊಕ್ಕು ಹರಿವು ಕಡಿಯುತ್ತದೆ. ಕತ್ತಲೆಯ ಹೊತ್ತು ದೀರ್ಘವಾದರೆ ಮೀನಿಗೆ ಉಸಿರು ಬೇಕು. ಬ್ಯಾಟರಿಯ ಗಾಳಿಯಂತ್ರವೊಂದು ಮನೆಯಲ್ಲಿರಲಿ.

ಬೇಸಗೆಯಲ್ಲಿ ಆವಿಯಾದ ನೀರಿನ ಕೊರತೆ ಪಂಪಿನ ಕೋಣೆಯಲ್ಲಿ ಕಾಣಿಸುತ್ತದೆ. ಅದು ಬತ್ತಿದರೆ ಪಂಪು ಸುಟ್ಟುಹೋಗುತ್ತದೆ. ಆವಿಯಾಗುವುದು ನೀರು, ಉಳಿಯುವುದು ಉಪ್ಪು. ಆದುದರಿಂದ ಕೊರತೆಯನ್ನು ಗಡಸು ನೀರಿನಿಂದಲೇ ತುಂಬುತ್ತ ಹೋಗದೆ, ಹಿಡಿದಿಟ್ಟ ಮಳೆನೀರನ್ನೋ ಶುದ್ಧೀಕರಿಸಿದ ನೀರನ್ನೋ ಬಳಸುವುದು ಒಳಿತು.

ಬ್ಯಾಕ್ಟೀರಿಯಗಳು ಬೇರೂರಲು ನಾಲ್ಕಾರು ವಾರ ಬೇಕು. ಮೀನು ತರಬೇಕೆಂದು ಮಕ್ಕಳು ಹಟ ಹಿಡಿಯುವ ಕಾಲವೂ ಅದೇ. ಆಗ ಅವರ ಕೈಗೆ ಸ್ವಿಚ್ಚನ್ನು ಕೊಡಬಹುದು. ಪಂಪನ್ನು ಮೂರು ಸಲ ನಿಲ್ಲಿಸಿ ನೋಡಿದಾಗಲೂ ನೆಲದ ಮೇಲೆ ಒಂದು ಹನಿ ಬೀಳದಿದ್ದರೆ, ಲೆಕ್ಕ ಸರಿಯಾಗಿದೆಯೆಂದು ಅವರೇ ತೀರ್ಪು ಹೇಳುತ್ತಾರೆ.