ಬಾಗಿಲು ಮುಚ್ಚಿದರೆ ಗೋಲ್‌ಕೀಪರ್ ಬೆಳೆಯುವುದಿಲ್ಲ

ಐಸ್ ಹಾಕಿಯಲ್ಲಿ ಯಾವ ದೇಶದ ತಂಡ ಬಲಿಷ್ಠ ಎಂಬ ಚರ್ಚೆ ಸಾಮಾನ್ಯವಾಗಿ ಗೋಲು ಹೊಡೆಯುವವರ ಸುತ್ತಲೇ ನಡೆಯುತ್ತದೆ. ಗೋಲು ಕಾಯುವವರ ಪ್ರಸ್ತಾಪ ಬಂದರೂ ಅದು ಮೊದಲ ಆಯ್ಕೆಯ ಒಬ್ಬರಿಗೇ ಸೀಮಿತ. ಆದರೆ ಒಂದು ರಾಷ್ಟ್ರದ ನಿಜವಾದ ಸಾಮರ್ಥ್ಯ ತಿಳಿಯುವುದು ಬೆಂಚಿನ ಮೇಲೆ ಕುಳಿತ ಎರಡನೆಯ, ಮೂರನೆಯ ಗೋಲ್‌ಕೀಪರ್‌ನಿಂದ.

2006ರ ಟ್ಯೂರಿನ್ ಒಲಿಂಪಿಕ್ಸ್ ಇದಕ್ಕೆ ಸಾಕ್ಷಿ. ಫಿನ್ಲೆಂಡಿಗೆ ಮೀಕಾ ಕಿಪ್ರುಸಾಫ್, ಕಾರಿ ಲೆಹ್ಟೊನೆನ್ ಇಬ್ಬರೂ ಲಭ್ಯರಿರಲಿಲ್ಲ. ಅವರ ಜಾಗದಲ್ಲಿ ನಿಂತ ಆಂಟೆರೊ ನಿಟ್ಟಿಮಾಕಿ ತಂಡವನ್ನು ಫೈನಲ್‌ಗೆ ಒಯ್ದರು. ಸ್ವೀಡನ್ ಎದುರು 3-2ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದ್ದು ಅವರೇ. ಅದೇ ಕೂಟದಲ್ಲಿ ಜೆಕ್ ತಂಡದ ಡೊಮಿನಿಕ್ ಹಾಶೆಕ್ ಮೊದಲ ಪಂದ್ಯದಲ್ಲೇ ಗಾಯಗೊಂಡರೂ ಟೊಮಾಶ್ ವೊಕೌನ್ ಇದ್ದುದರಿಂದ ಕಂಚು ಕೈತಪ್ಪಲಿಲ್ಲ.

ಕೆನಡಾ ಕೂಡ ಈ ಸಂಪತ್ತಿನ ಫಲ ಉಂಡ ದೇಶವೇ. 2002ರಲ್ಲಿ ಕರ್ಟಿಸ್ ಜೋಸೆಫ್ ಬದಲು ಮಾರ್ಟಿನ್ ಬ್ರೊಡರ್, 2010ರಲ್ಲಿ ಅದೇ ಬ್ರೊಡರ್ ಬದಲು ರಾಬರ್ಟೊ ಲುವಾಂಗೊ ಗೋಲಿಗೆ ಬಂದರು. ಎರಡು ಸಲವೂ ಚಿನ್ನ ಕೆನಡಾಕ್ಕೇ ಒಲಿಯಿತು.

ಈ ಸಂಪತ್ತು ಕರಗೀತೆಂಬ ಆತಂಕ ಎದುರಾದಾಗ ಕೆನಡಾ ಕಂಡುಕೊಂಡ ಉಪಾಯ ವಿಚಿತ್ರವಾದುದು. ಅಲ್ಲಿನ ಪ್ರಮುಖ ಜೂನಿಯರ್ ಲೀಗ್‌ಗಳ ಒಕ್ಕೂಟವು ಯುರೋಪಿನ ಗೋಲ್‌ಕೀಪರ್‌ಗಳ ಆಯ್ಕೆಯನ್ನು 2014ರಿಂದ ನಿಷೇಧಿಸಿತು. ನಮ್ಮ ಹುಡುಗರಿಗೆ ಹೆಚ್ಚು ಪಂದ್ಯಗಳು ಸಿಗಲಿ ಎಂಬುದು ಅದರ ಸಮರ್ಥನೆ. ಅವಕಾಶವೇನೋ ಸಿಕ್ಕಿತು, ಆದರೆ ಪೈಪೋಟಿ ಕಳೆದುಹೋಯಿತು. 2018ರಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. 2022ರಿಂದ 2025ರವರೆಗೆ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್‌ಗೆ ಸಲ್ಲುವ ವೆಜಿನಾ ಟ್ರೋಫಿ ರಷ್ಯಾ, ಸ್ವೀಡನ್ ಮತ್ತು ಎರಡು ಬಾರಿ ಅಮೆರಿಕದ ಆಟಗಾರರ ಪಾಲಾಯಿತು.

2025ರ ನಾಲ್ಕು ರಾಷ್ಟ್ರಗಳ ಟೂರ್ನಿಯ ಫೈನಲ್‌ನಲ್ಲಿ ಜೋರ್ಡನ್ ಬಿನ್ನಿಂಗ್‌ಟನ್ ಕೆನಡಾದ ಗೋಲು ಕಾದು ಅಮೆರಿಕವನ್ನು ಮಣಿಸಲಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಬಿನ್ನಿಂಗ್‌ಟನ್ ನಿಷೇಧ ಜಾರಿಗೆ ಬರುವ ಮೊದಲೇ ಜೂನಿಯರ್ ಲೀಗ್ ಮುಗಿಸಿದವರು. ಅಲ್ಲದೆ ಒಂದು ರಾತ್ರಿಯ ಸಾಹಸ ಒಬ್ಬ ವ್ಯಕ್ತಿಯದು. ಪರಂಪರೆಯ ಆಳ ಅದರಿಂದ ಗೊತ್ತಾಗದು.

ಅರವತ್ತು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಫಿನ್ಲೆಂಡ್ ಹಿಡಿದ ದಾರಿಯೇ ಬೇರೆ. ರಾಷ್ಟ್ರೀಯ ತಂಡದ ಮಾಜಿ ಗೋಲ್‌ಕೀಪರ್ ಉರ್ಪೊ ಯುಲೊನೆನ್ ಟುರ್ಕು ನಗರದ ಟಿಪಿಎಸ್ ಕ್ಲಬ್‌ನಲ್ಲಿ ತರಬೇತಿಯನ್ನೇ ಒಂದು ವಿದ್ಯೆಯಾಗಿ ಬೆಳೆಸಿದರು. ಕಿಪ್ರುಸಾಫ್, ನಿಟ್ಟಿಮಾಕಿ ಇಬ್ಬರೂ ಅದೇ ಕ್ಲಬ್‌ನವರು. ಆ ದೇಶದ ಲೀಗ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್‌ಗೆ ನೀಡುವ ಪ್ರಶಸ್ತಿಗೆ ಇಂದಿಗೂ ಈ ಗುರುವಿನ ಹೆಸರೇ ಇದೆ.

ಹೊರಗಿನವರನ್ನು ತಡೆದರೆ ತಂಡದಲ್ಲಿ ಜಾಗ ತೆರವಾದೀತೇ ಹೊರತು ಅದನ್ನು ತುಂಬುವ ಪ್ರತಿಭೆ ಹುಟ್ಟದು. ಮೂರನೆಯ ಗೋಲ್‌ಕೀಪರ್‌ನನ್ನೂ ಸಿದ್ಧಪಡಿಸಬಲ್ಲ ಗುರುಗಳು ಯಾವ ದೇಶದಲ್ಲಿರುವರೋ, ಆ ದೇಶ ಮೊದಲಿಗ ಗಾಯಗೊಂಡ ದಿನವೂ ಕಂಗೆಡುವುದಿಲ್ಲ.