ತಂದೆಯಿಲ್ಲದ ಸಂತತಿ

ಮಾಗಿಯ ಕಾಲದಲ್ಲಿ ಹಿತ್ತಿಲ ಅವರೆಯ ಚಪ್ಪರವನ್ನು ನೋಡಿಕೊಳ್ಳುವವರಿಗೆಲ್ಲ ಒಂದು ಸೋಜಿಗವು ಪರಿಚಿತವಾಗಿಯೇ ಇರುವುದು. ಒಂದು ದಿನ ಕುಡಿಯ ತುದಿಯಲ್ಲಿ ಎಳ್ಳುಕಾಳಿಗಿಂತ ಚಿಕ್ಕವಾದ ನಾಲ್ಕಾರು ಕರಿಯ ಹೇನುಗಳು ಕಾಣಿಸುವುವು. ಇಷ್ಟರಿಂದೇನಾದೀತೆಂದು ಸುಮ್ಮನಿದ್ದರೆ, ಎರಡು ವಾರಗಳು ಕಳೆಯುವುದರೊಳಗಾಗಿ ಕುಡಿಗಳೆಲ್ಲ ಕರ್ರಗೆ ಮುಚ್ಚಿಹೋಗಿ, ಎಲೆಗಳು ಮುರುಟಿ, ಬಳ್ಳಿಯ ಮೇಲೆ ಇರುವೆಗಳ ಸಾಲು ಹತ್ತಿಳಿಯತೊಡಗುವುದು. ಇಷ್ಟೊಂದು ಹುಳುಗಳು ಎಲ್ಲಿಂದ ಬಂದುವು? ರೆಕ್ಕೆಯಿರುವ ಒಂದೆರಡನ್ನು ಗಾಳಿಯು ತಂದಿರಬಹುದು. ಇರುವೆಗಳೂ ಕೆಲವನ್ನು ಹೊತ್ತು ತಂದಿರಬಹುದು. ಆದರೆ ಸಾವಿರಗಳ ಲೆಕ್ಕವು ಇವುಗಳಿಂದ ಸರಿಹೋಗದು. ನಿಜವಾದ ಉತ್ತರವೇ ಬೇರೆ. ಸಾಮಾನ್ಯವಾಗಿ ಆ ಹುಳುಗಳಲ್ಲಿ ಒಂದಾದರೂ ಗಂಡಿರುವುದಿಲ್ಲ. ಎಲ್ಲವೂ ತಾಯಂದಿರು, ಇಲ್ಲವೆ ನಾಳೆ ತಾಯಂದಿರಾಗಲಿರುವ ಹೆಣ್ಣುಮಕ್ಕಳು. ಈ ವಿಚಿತ್ರವಾದ ವಂಶಾಭಿವೃದ್ಧಿಯ ವಿಷಯವಾಗಿ ಈ ತಿಂಗಳು ನಮ್ಮ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಪ್ರಾಣಿಗಳು ಸಂತತಿಯನ್ನು ಪಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಹಸು, ಹಕ್ಕಿ, ಮೀನು ಮೊದಲಾದ, ನಮ್ಮ ಕಣ್ಣಿಗೆ ನಿತ್ಯವೂ ಬೀಳುವ ಪ್ರಾಣಿಗಳಲ್ಲಿ ತಾಯಿಯ ಅಂಡವೂ ತಂದೆಯ ವೀರ್ಯಾಣುವೂ ಕೂಡಿಯೇ ಮರಿಯಾಗುವುದು. ವಂಶಗುಣಗಳನ್ನು ಹೊತ್ತ ವರ್ಣತಂತುಗಳು ಅರ್ಧದಷ್ಟು ತಾಯಿಯಿಂದಲೂ ಅರ್ಧದಷ್ಟು ತಂದೆಯಿಂದಲೂ ಬರುವುವು. ಆದುದರಿಂದಲೇ ಒಂದೇ ಮನೆಯ ಮಕ್ಕಳಲ್ಲಿ ಒಬ್ಬನಿಗೆ ಅಜ್ಜನ ಮೂಗು, ಇನ್ನೊಬ್ಬಳಿಗೆ ಸೋದರತ್ತೆಯ ಕಣ್ಣು. ಇದು ಲೈಂಗಿಕ ಮಾರ್ಗ. ಎರಡನೆಯದರಲ್ಲಿ ಒಂದೇ ಪ್ರಾಣಿಯು ಯಾವ ಜೊತೆಯನ್ನೂ ಬಯಸದೆ ತನ್ನ ದೇಹದಿಂದಲೇ ತನ್ನ ಪಡಿಯಚ್ಚನ್ನು ಉಂಟುಮಾಡುವುದು. ಇದು ಅಲೈಂಗಿಕ ಮಾರ್ಗ.

ಎರಡನೆಯ ಮಾರ್ಗಕ್ಕೆ ಹೈಡ್ರಾ ಎಂಬ ಜಲಚರವು ಒಳ್ಳೆಯ ನಿದರ್ಶನ. ನಮ್ಮ ಕೆರೆಕುಂಟೆಗಳ ತಿಳಿನೀರಿನಲ್ಲಿಯೂ ಇದು ದೊರೆಯುವುದು. ನೂಲಿನೆಳೆಯಂತಹ ದೇಹ, ತುದಿಯಲ್ಲಿ ಐದಾರು ಬಳುಕುವ ತೋಳುಗಳು; ಇಷ್ಟೇ ಇದರ ಆಕಾರ. ಆಹಾರವು ಯಥೇಷ್ಟವಾಗಿದ್ದಾಗ ಇದರ ಪಕ್ಕದಲ್ಲಿ ಮೊಗ್ಗೊಂದು ಮೂಡಿ, ಬೆಳೆದು, ಬಾಯಿ ತೋಳುಗಳನ್ನು ಪಡೆದು, ಕೊನೆಗೆ ಕಳಚಿಕೊಂಡು ಬೇರೆ ಸಂಸಾರವನ್ನು ಹೂಡುವುದು. ಜಿನೀವಾ ನಗರದ ಅಬ್ರಹಾಂ ಟ್ರೆಂಬ್ಲಿ ಎಂಬಾತನು 1740ರಲ್ಲಿ ಹಾಲೆಂಡ್ ದೇಶದಲ್ಲಿ ಶ್ರೀಮಂತರೊಬ್ಬರ ಮಕ್ಕಳಿಗೆ ಉಪಾಧ್ಯಾಯನಾಗಿದ್ದಾಗ ಇದನ್ನು ಕಂಡು, ಗಿಡವೋ ಪ್ರಾಣಿಯೋ ತಿಳಿಯದೆ, ಪರೀಕ್ಷಾರ್ಥವಾಗಿ ಎರಡು ತುಂಡುಮಾಡಿದನು. ಕೆಲವು ದಿನಗಳಲ್ಲಿ ಎರಡು ತುಂಡುಗಳೂ ಎರಡು ಪೂರ್ಣ ಹೈಡ್ರಾಗಳಾದುವು. ಕಡಲ ನಕ್ಷತ್ರಮೀನುಗಳ ಕೆಲವು ಜಾತಿಗಳಲ್ಲಿ ಒಂದೇ ತೋಳಿನಿಂದ ಇಡೀ ಪ್ರಾಣಿಯು ಬೆಳೆಯುವುದೂ ಇಂತಹುದೇ.

ಇನ್ನು ನಮ್ಮ ಅವರೆಯ ಹೇನು. ಇದರದು ಈ ಎರಡರ ನಡುವಣ ದಾರಿ. ಇದರಲ್ಲಿ ಅಂಡವಿರುವುದು, ಆದರೆ ವೀರ್ಯಾಣುವಿನ ಅಗತ್ಯವಿಲ್ಲ. ಅಂಡವು ತನ್ನಷ್ಟಕ್ಕೆ ತಾನೇ ಮರಿಯಾಗುವುದು. ಇದಕ್ಕೆ ಅನಿಷೇಕ ಜನನವೆಂದು ಹೆಸರು. ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದವನು ಟ್ರೆಂಬ್ಲಿಯ ಊರಿನವನೇ ಆದ ಶಾರ್ಲ್ ಬಾನೆ. 1740ರ ಮೇ ತಿಂಗಳ 20ನೆಯ ದಿನ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಈತನು ಆಗತಾನೆ ಹುಟ್ಟಿದ ಹೇನೊಂದನ್ನು ರೆಂಬೆಯೊಡನೆ ಗಾಜಿನ ಮುಚ್ಚಳದೊಳಗೆ ಒಂಟಿಯಾಗಿರಿಸಿ, ದಿನದಿನವೂ ಭೂತಗನ್ನಡಿ ಹಿಡಿದು ಕಾವಲಿದ್ದನು. ಜೂನ್ 1ರಂದು ಅದು ಮೊದಲನೆಯ ಮರಿಯನ್ನು ಹಾಕಿತು. ಆ ತಿಂಗಳ 24ರೊಳಗೆ ಮರಿಗಳು 95 ಆದುವು. ಗಂಡಿನ ಸೋಂಕೇ ಇಲ್ಲದೆ ಮರಿಗಳಾದುದನ್ನು ಕೇಳಿ ಅಂದಿನ ಪಂಡಿತರು ಬೆರಗಾದರು.

ಇದಕ್ಕಿಂತಲೂ ಆಶ್ಚರ್ಯಕರವಾದುದೊಂದುಂಟು. ಹೇನಿನ ಮರಿಯು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಹೊಟ್ಟೆಯಲ್ಲಿ ಮುಂದಿನ ಮರಿಯು ರೂಪುಗೊಳ್ಳತೊಡಗಿರುವುದು. ಅಂದರೆ ಅಜ್ಜಿಯು ಮಗಳೊಡನೆ ಮೊಮ್ಮಗಳನ್ನೂ ಒಟ್ಟಿಗೆ ಹೊತ್ತಿರುವಳು! ಹೀಗಾಗಿ ಬೆಚ್ಚನೆಯ ದಿನಗಳಲ್ಲಿ ಹುಟ್ಟಿದ ಮರಿಯು ಸುಮಾರು ಒಂದು ವಾರದಲ್ಲಿಯೇ ತಾಯಿಯಾಗಬಲ್ಲುದು.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಪ್ರತಿಯೊಂದು ತಾಯಿಗೂ 50 ಮರಿಗಳೆಂದೂ ಎಲ್ಲವೂ ಬದುಕುವುವೆಂದೂ ಇಟ್ಟುಕೊಂಡರೆ, ಒಂದು ಹೇನಿನಿಂದ ಮೊದಲನೆಯ ತಲೆಮಾರಿಗೆ 50, ಎರಡನೆಯದಕ್ಕೆ 2,500, ಮೂರನೆಯದಕ್ಕೆ 1,25,000 ತಾಯಂದಿರು. ಅದೇ 50 ಮರಿಗಳಲ್ಲಿ ಅರ್ಧ ಗಂಡಾಗಿದ್ದರೆ ತಾಯಂದಿರ ಸಂಖ್ಯೆಯು ಕ್ರಮವಾಗಿ 25, 625, 15,625. ಮೂರೇ ತಲೆಮಾರಿಗೆ ಎಂಟರಲ್ಲೊಂದು ಪಾಲಿಗೆ ಇಳಿದುಹೋಯಿತು. ಗಂಡುಗಳು ಆಹಾರವನ್ನು ತಿನ್ನುವುವು. ಮರಿಯನ್ನು ಮಾತ್ರ ಹೆರಲಾರವು. ವೇಗವೊಂದನ್ನೇ ನೋಡುವುದಾದರೆ ತಂದೆಯೆಂಬುವನು ದುಬಾರಿಯಾದ ವೆಚ್ಚವೇ ಸರಿ. ಹೀಗಿದ್ದರೂ ಪ್ರಾಣಿಪ್ರಪಂಚದ ಬಹುಭಾಗವು ಈ ವೆಚ್ಚವನ್ನು ಬಿಡದೆ ಭರಿಸುತ್ತಿರುವುದೇಕೆ?

ಇದರ ಮರ್ಮವನ್ನು ಅರಿಯಲು ಬಾಳೆಯ ತೋಟದ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ನಂಜನಗೂಡಿನ ರಸಬಾಳೆಯನ್ನು ಬೀಜದಿಂದಲ್ಲ, ತಾಯಿಯ ಬುಡದ ಕಂದಿನಿಂದ ಬೆಳೆಸುವರು. ಆದುದರಿಂದ ಎಲ್ಲ ಗಿಡಗಳಿಗೂ ಒಂದೇ ರುಚಿ, ಒಂದೇ ಗುಣ. ಮತ್ತು ಒಂದೇ ದೌರ್ಬಲ್ಯ. ಮಣ್ಣಿನ ಬೂಷ್ಟಿನಿಂದ ಬರುವ ಪನಾಮಾ ಸೊರಗುರೋಗವು ಹೊಕ್ಕಾಗ ಒಂದನ್ನು ಕೊಂದ ರೋಗವು ಎಲ್ಲವನ್ನೂ ಕೊಲ್ಲಬಲ್ಲುದಾಯಿತು. ಹೆಸರಾಂತ ಆ ತಳಿಯು ತನ್ನ ಸ್ವಂತ ನೆಲದಲ್ಲಿಯೇ ಅಪರೂಪವಾಯಿತು. ಒಂದೇ ಬೀಗವುಳ್ಳ ನೂರು ಮನೆಗಳನ್ನು ಒಂದೇ ಕಳ್ಳಕೀಲಿಯು ತೆರೆಯುವುದು. ಪ್ರತಿಯೊಂದು ಮನೆಗೂ ಬೇರೆ ಬೀಗವನ್ನು ಹಾಕಿಸುವುದೇ ತಂದೆತಾಯಿಗಳಿಬ್ಬರ ಗುಣಗಳ ಬೆರಕೆಯಿಂದಾಗುವ ಉಪಕಾರ.

ಪ್ರಾಣಿಗಳಲ್ಲಿಯೂ ಇದಕ್ಕೆ ಪ್ರಮಾಣವುಂಟು. ನ್ಯೂಜಿಲೆಂಡಿನ ಸಿಹಿನೀರಿನಲ್ಲಿರುವ ಪುಟ್ಟ ಬಸವನಹುಳುವೊಂದರಲ್ಲಿ ಜೋಡಿಗೂಡಿ ಮರಿಹಾಕುವ ಕುಲಗಳೂ ಹೆಣ್ಣುಗಳಷ್ಟೇ ಇರುವ ಕುಲಗಳೂ ಎರಡೂ ಇವೆ. ಪರಾವಲಂಬಿ ಹುಳುಗಳ ಕಾಟವು ಹೆಚ್ಚಾಗಿರುವ ನೀರುಗಳಲ್ಲಿ ಗಂಡುಗಳು ಹೆಚ್ಚಾಗಿರುವುದನ್ನು ಕರ್ಟಿಸ್ ಲೈವ್ಲಿ ಎಂಬ ವಿಜ್ಞಾನಿಯು 1987ರಲ್ಲಿ ಪ್ರಕಟಿಸಿದನು. ಮುಂದೆ ವರ್ಷಗಟ್ಟಲೆ ನೋಡಿದಾಗ, ಹೆಣ್ಣುಕುಲಗಳಲ್ಲಿ ಯಾವುದು ಅತ್ಯಧಿಕವಾಗಿ ಹಬ್ಬಿತ್ತೋ ಅದೇ ರೋಗಕ್ಕೆ ಈಡಾಗಿ ಕ್ಷೀಣಿಸಿದುದು ಕಂಡುಬಂದಿತು.

ಹೇನಿಗೂ ಈ ಜಾಣತನವು ತಿಳಿಯದುದಲ್ಲ. ಶೀತದೇಶಗಳಲ್ಲಿ ಬೇಸಗೆಯೆಲ್ಲ ಹೆಣ್ಣುಗಳನ್ನೇ ಹೆತ್ತು, ಹಗಲು ಕಿರಿದಾಗುತ್ತ ಬಂದೊಡನೆ ಗಂಡುಗಳನ್ನೂ ಹೆರುವುದು. ಆಗ ಜೋಡಿಗೂಡಿ ಇಟ್ಟ ಗಟ್ಟಿಮೊಟ್ಟೆಗಳು ಹಿಮವನ್ನು ತಾಳಿಕೊಂಡು, ವಸಂತದಲ್ಲಿ ಬಗೆಬಗೆಯ ಗುಣಗಳುಳ್ಳ ಮರಿಗಳಾಗುವುವು. ಹೈಡ್ರಾ ಸಹ ಕಷ್ಟಕಾಲದಲ್ಲಿ ಮೊಗ್ಗನ್ನು ಬಿಟ್ಟು ಮೊಟ್ಟೆಗೆ ತಿರುಗುವುದುಂಟು. ಸುಭಿಕ್ಷದಲ್ಲಿ ಒಂಟಿ ದಾರಿ, ದುರ್ಭಿಕ್ಷದಲ್ಲಿ ಜಂಟಿ ದಾರಿ. ಕಡುಚಳಿಯಿಲ್ಲದ ನಮ್ಮ ನಾಡಿನಲ್ಲಿಯಾದರೋ ಅವರೆಯ ಹೇನು ವರ್ಷದುದ್ದಕ್ಕೂ ಗಂಡಿಲ್ಲದೆಯೇ ಸಂಸಾರವನ್ನು ಸಾಗಿಸುವುದು.

ದೊಡ್ಡ ಪ್ರಾಣಿಗಳಲ್ಲಿ ಇಂತಹುದು ವಿರಳ, ಆದರೆ ಇಲ್ಲದಿಲ್ಲ. ಇಂಡೋನೇಷ್ಯಾ ದ್ವೀಪಗಳ ಕೊಮೊಡೊ ಎಂಬ ಮಹಾ ಉಡವು ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಗಂಡಿನ ಸಹವಾಸವಿಲ್ಲದೆ ಸಜೀವವಾದ ಮೊಟ್ಟೆಗಳನ್ನಿಟ್ಟುದು 2006ರಲ್ಲಿ ಪ್ರಕಟವಾಯಿತು. 2007ರ ಜನವರಿಯಲ್ಲಿ ಮರಿಗಳು ಹೊರಬಂದುವು. ಸ್ತನ್ಯಪಾನಿಗಳಾದ ನಮಗೆ ಮಾತ್ರ ಈ ಬಾಗಿಲು ಮುಚ್ಚಿದೆ. ನಮ್ಮ ಕೆಲವು ವಂಶವಾಹಿಗಳು ತಂದೆಯಿಂದ ಬಂದರೆ ಮಾತ್ರ ಕೆಲಸಮಾಡುವುವು, ಇನ್ನು ಕೆಲವು ತಾಯಿಯಿಂದ ಬಂದರೆ ಮಾತ್ರ. ಇಲಿಗಳ ಮೇಲಣ ಪ್ರಯೋಗಗಳಿಂದ ಇದರ ಸುಳಿವು 1984ರಲ್ಲಿ ದೊರೆಯಿತು.

ಇನ್ನು ಗೃಹಕೃತ್ಯಕ್ಕೆ ಇದರಿಂದಾಗುವ ಪ್ರಯೋಜನವನ್ನು ಹೇಳಿ ಮುಗಿಸುವೆವು. ಹೇನಿನ ಬಲವೆಲ್ಲ ಅದರ ವೇಗದಲ್ಲಿದೆ. ಆದುದರಿಂದ ಎರಡು ಮೂರು ದಿನಗಳಿಗೊಮ್ಮೆ ಕುಡಿಗಳನ್ನೂ ಎಲೆಯ ಅಡಿಭಾಗವನ್ನೂ ತಪ್ಪದೆ ನೋಡಬೇಕು. ಹೇನು ನಾಲ್ಕಾರಿದ್ದಾಗಲೇ ಬೆರಳಿನಿಂದ ಒರಸಿಹಾಕಿದರೆ ಮುಂದಿನ ಸಾವಿರಗಳನ್ನು ತಡೆದಂತಾಯಿತು. ಹೆಚ್ಚಾಗಿದ್ದರೆ ರಭಸದ ನೀರಿನಿಂದ ತೊಳೆದು, ತೆಳುವಾದ ಸಾಬೂನಿನ ನೀರನ್ನಾಗಲಿ ಬೇವಿನ ಬೀಜದ ಕಷಾಯವನ್ನಾಗಲಿ ಸಂಜೆಯ ವೇಳೆ ಚಿಮುಕಿಸಬೇಕು. ಉಗ್ರವಾದ ಒಂದೇ ವಿಷವನ್ನು ಮೇಲಿಂದ ಮೇಲೆ ಹೊಡೆಯುವುದು ಅವಿವೇಕ. ಆ ವಿಷವನ್ನು ತಾಳಿಕೊಂಡ ತಾಯಿಯೊಂದು ಉಳಿದರೂ ಸಾಕು, ಅದರ ಮಕ್ಕಳೆಲ್ಲ ತಾಯಿಯ ಪಡಿಯಚ್ಚಾದುದರಿಂದ ಎಲ್ಲವೂ ತಾಳಿಕೊಳ್ಳುವುವು. ಸಾಯುವುದು ನಮ್ಮ ನಂಟರಾದ ಗುಲಗಂಜಿ ಹುಳುಗಳು. ಕೆಂಪು ಮೈಗೆ ಕರಿಯ ಚುಕ್ಕೆಯ ಆ ಹುಳುವನ್ನು ಯಾರೂ ಕೊಲ್ಲರು. ಆದರೆ ಮೊಸಳೆಯಂತೆ ನೀಳವಾಗಿ, ಕರ್ರಗೆ ಒರಟಾಗಿರುವ ಅದರ ಮರಿಯನ್ನು ಕೇಡೆಂದು ತಿಳಿದು ಹೊಸಕುವವರು ಬಹಳ. ಹೇನುಗಳನ್ನು ತಿಂದು ತೀರಿಸುವುದರಲ್ಲಿ ಮರಿಯೂ ತಾಯಿಗೆ ಕಡಮೆಯಲ್ಲ. ನಾಳೆ ಚಪ್ಪರದ ಕೆಳಗೆ ನಿಂತಾಗ ಅಂತಹ ಮರಿಯು ಕಣ್ಣಿಗೆ ಬಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೆಂದು ನಮ್ಮ ವಾಚಕರಲ್ಲಿ ಬಿನ್ನಹ.

ತಂದೆಯಿಲ್ಲದಿದ್ದರೂ ತಾತನನ್ನುಳ್ಳ ಗಂಡು ಜೇನ್ನೊಣದ ಚರಿತ್ರೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.